ಹದಿನಾಲ್ಕು ಫಾರಂ ಮತ್ತು ಐದು ಪುಟ

ಕೇಳುಗರಿಗೆ ನಮಸ್ಕಾರ.

ನನ್ನ ಮೊದಲ ಕಾದಂಬರಿಯನ್ನು ಬರೆಯುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅದು ಪುಸ್ತಕವಾಗುವುದಕ್ಕೆ ಮತ್ತೆರಡು ವರ್ಷ. ಮೊದಲ ನಾಲ್ಕು ವರ್ಷಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ತಿಪಟೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಪಾಠ ಮುಗಿಸಿ ಬಂದು, ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದೆ.

ಹಸ್ತಪ್ರತಿಯನ್ನು ಮೂವರು ಪ್ರಕಾಶಕರಿಗೆ ಕಳುಹಿಸಿದೆ. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು, ಅಚ್ಚಿನ ಖರ್ಚನ್ನು ನಾನೇ ವಹಿಸಿಕೊಂಡರೆ ಸಂತೋಷದಿಂದ ಪ್ರಕಟಿಸುವುದಾಗಿ ತಿಳಿಸಿದರು. ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆಯೆಂದು ಸಹೋದ್ಯೋಗಿಗಳು ನೆನಪಿಸಿದರು. ಆದರೆ ಆ ಯೋಜನೆ ಇರುವುದು ಯುವ ಬರಹಗಾರರಿಗೆ, ನಾನೋ ಐವತ್ತು ದಾಟಿದವನು. ಹೊಸ ಲೇಖಕನೆಂದರೆ ಎಳೆಯ ಲೇಖಕನೆಂದೇ ಲೋಕದ ಎಣಿಕೆಯಿರಬೇಕು. ಮೂರನೆಯವರು ಬೆಂಗಳೂರಿನ ಸಣ್ಣ ಪ್ರಕಾಶಕರು. ಎಂಟು ತಿಂಗಳಾದ ಮೇಲೆ ಫೋನ್ ಮಾಡಿ, ‘ಮೇಷ್ಟ್ರೇ, ಓದಿದೆ, ಮಾಡೋಣ’ ಎಂದರು. 500 ಪ್ರತಿಗಳ ಮುದ್ರಣ, ಮುಖಬೆಲೆಯ ಮೇಲೆ ಶೇಕಡಾ 10ರಷ್ಟು ಗೌರವಧನ, 15 ಗೌರವ ಪ್ರತಿಗಳು ಎಂದು ಮಾತಾಯಿತು.

ಇನ್ನೇನು ಅಚ್ಚಾಗುವುದೊಂದೇ ಬಾಕಿ ಎಂದುಕೊಂಡಿದ್ದವನಿಗೆ ಮೊದಲ ಕರಡು ಕೈಗೆ ಬಂದಾಗ ದಿಗಿಲಾಯಿತು. ನಾನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ್ದೆ. ಪುಟವಿನ್ಯಾಸ ಮಾಡುವವರು ಅದನ್ನು ಹಳೆಯ ‘ನುಡಿ’ ತಂತ್ರಾಂಶದ ಲಿಪಿಗೆ ಪರಿವರ್ತಿಸಿಕೊಂಡಿದ್ದರು. ಆ ಪರಿವರ್ತನೆಯಲ್ಲಿ ‘ರೇಷನ್‌ಕಾರ್ಡು’ ಎಂಬಂಥ ಪದಗಳ ಅರ್ಧಾಕ್ಷರವು ಬಿಡಿಯಾಗಿ ನಿಲ್ಲದೆ, ಮುಂದಿನ ಅಕ್ಷರವನ್ನು ಒತ್ತಾಗಿ ಕಾಲಡಿಗೆ ಎಳೆದುಕೊಂಡಿತ್ತು; ಉದ್ಧರಣ ಚಿಹ್ನೆಗಳಿದ್ದ ಕಡೆ ಯಾವುದೋ ಅಕ್ಷರಗಳು ಬಂದು ಕುಳಿತಿದ್ದವು. ನನ್ನ ಪಾತ್ರಗಳು ವಿಪರೀತ ಮಾತಾಡುವವರಾದ್ದರಿಂದ ಪ್ರತಿ ಪುಟದಲ್ಲಿಯೂ ಇದೇ ಅವಸ್ಥೆ. ಮೂರು ಸಲ ಕರಡು ತಿದ್ದಿದೆ.

ಎರಡನೆಯ ಕರಡಿನ ಹೊತ್ತಿಗೆ ಪ್ರಕಾಶಕರು ಫೋನ್ ಮಾಡಿ, ‘ಐದು ಪುಟ ಜಾಸ್ತಿಯಾಗಿದೆ, ಮೇಷ್ಟ್ರೇ’ ಎಂದರು. ಏನೆಂದು ಅರ್ಥವಾಗಲಿಲ್ಲ. ಡೆಮಿ ಅಳತೆಯ ಪುಸ್ತಕದಲ್ಲಿ ಹಾಳೆಯ ಒಂದೊಂದು ಮಗ್ಗುಲಿಗೆ ಎಂಟೆಂಟು ಪುಟ ಅಚ್ಚಾಗಿ, ಮಡಿಸಿದಾಗ 16 ಪುಟಗಳ ಒಂದು ಫಾರಂ ಆಗುತ್ತದೆಂದು ಅವರು ವಿವರಿಸಿದರು. ನನ್ನ ಕಾದಂಬರಿ, ಮುನ್ನುಡಿ ಅರ್ಪಣೆಗಳೆಲ್ಲ ಸೇರಿ, 229 ಪುಟ. ಎಂದರೆ ಹದಿನಾಲ್ಕು ಫಾರಂ ತುಂಬಿ ಐದು ಪುಟ ಮಿಕ್ಕಿತ್ತು. ಹದಿನೈದನೆಯ ಫಾರಂ ಹಿಡಿದರೆ ಹನ್ನೊಂದು ಪುಟ ಖಾಲಿ ಉಳಿಯುತ್ತದೆ, ಖರ್ಚೂ ಏರುತ್ತದೆ.

ಅಕ್ಷರದ ಗಾತ್ರ ಇಳಿಸಿ ಎಂದೆ. ‘ವಯಸ್ಸಾದವರೇ ಓದುವುದು’ ಎಂದು ಅವರು ಒಪ್ಪಲಿಲ್ಲ. ಮುನ್ನುಡಿ ಬರೆದುಕೊಟ್ಟ ಹಿರಿಯರ ಒಂದು ಸಾಲನ್ನೂ ಮುಟ್ಟುವಂತಿರಲಿಲ್ಲ. ಹೀಗಾಗಿ ಕತ್ತರಿ ಬೀಳಬೇಕಾದದ್ದು ಕಥೆಗೇ. ಹದಿನೈದು ದಿನ ಪ್ರತಿ ಸಾಲನ್ನೂ, ಇದು ಇಲ್ಲಿ ಏಕಿದೆ ಎಂದು ಕೇಳುತ್ತ ಓದಿದೆ. ಮಳೆಯ ವರ್ಣನೆ ಮೂರು ಕಡೆ ಬಂದಿತ್ತು, ಎರಡು ಹೋದವು. ನಾಯಕನ ಸ್ವಗತ ಅರ್ಧಕ್ಕಿಳಿಯಿತು. ಕೊನೆಗೆ, ಊರು ಬಿಟ್ಟು ಹೋಗುವ ಅಂಚೆಯಣ್ಣನ ಮುಂದಿನ ಬದುಕನ್ನು ಹೇಳುವ ಒಂದು ಅಧ್ಯಾಯವನ್ನೇ ತೆಗೆದುಹಾಕಿದೆ. ನಾಲ್ಕು ವರ್ಷದಲ್ಲಿ ನನ್ನ ಹಸ್ತಪ್ರತಿಯನ್ನು ಯಾರೂ ಇಷ್ಟು ಕಟ್ಟುನಿಟ್ಟಾಗಿ ಓದಿರಲಿಲ್ಲ, ನಾನೂ ಓದಿರಲಿಲ್ಲ. ನಮ್ಮಲ್ಲಿ ಕರಡು ತಿದ್ದುವವರು ಸಿಗುತ್ತಾರೆ. ಕಥೆಯನ್ನು ತಿದ್ದಿಸುವ ಸಂಪಾದಕರನ್ನು ಇಟ್ಟುಕೊಳ್ಳುವ ಅನುಕೂಲ ಸಣ್ಣ ಪ್ರಕಾಶಕರಿಗೆ ಎಲ್ಲಿಂದ ಬರಬೇಕು? ನನ್ನ ಪಾಲಿಗೆ ಆ ಕೆಲಸವನ್ನು ಕಾಗದದ ಮಡಿಕೆಯೇ ಮಾಡಿತು.

ಬಿಡುಗಡೆಗೆ ನಲವತ್ತು ಜನ ಬಂದಿದ್ದರು. ಅದರಲ್ಲಿ ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿಗಳು. ಮನೆಗೆ ಬಂದು ಪುಸ್ತಕ ತೆರೆದರೆ 61ನೆಯ ಪುಟದಲ್ಲಿ ‘ಹಾಲು’ ಎಂಬುದು ‘ಹಾಳು’ ಆಗಿತ್ತು. ಮೂರು ಕರಡಿನಲ್ಲಿಯೂ ಅದು ಕಣ್ತಪ್ಪಿತ್ತು.

ತಿಂಗಳಾದ ಮೇಲೆ ಅರಸೀಕೆರೆಯಿಂದ ಅಪರಿಚಿತ ಮಹಿಳೆಯೊಬ್ಬರು ಕರೆಮಾಡಿದರು. ‘ಸಾರ್, ಆ ಅಂಚೆಯಣ್ಣ ಆಮೇಲೆ ಏನಾದ?’ ಎಂದು ಕೇಳಿದರು. ಉತ್ತರ ನನ್ನ ಮೇಜಿನ ಖಾನೆಯಲ್ಲಿತ್ತು. ‘ನಿಮಗೆ ಏನನ್ನಿಸುತ್ತದೆ, ಅಮ್ಮ?’ ಎಂದು ಕೇಳಿದೆ. ಅವರು ಹತ್ತು ನಿಮಿಷ ಬಿಡದೆ ಹೇಳಿದರು. ನಾನು ಬರೆದಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನಮಸ್ಕಾರ.