ಮನೆ ಬೀಜದ ಬ್ಯಾಡಗಿ ಮೆಣಸಿನಕಾಯಿ ಖಾರ ಆಗಿದ್ದು ಯಾಕೆ?

[ತೆರೆಯ ಮೇಲೆ: ಅಂಗೈಯಲ್ಲಿ ಎರಡು ಒಣ ಮೆಣಸಿನಕಾಯಿ. ಒಂದು ಸುಕ್ಕು ಸುಕ್ಕು, ಇನ್ನೊಂದು ನುಣುಪು.]

ನಮಸ್ಕಾರ. ಈ ಫೋಟೋ ಕಳಿಸಿದವರು ಹಾವೇರಿ ಕಡೆಯ ಒಬ್ಬ ರೈತರು. ಎರಡೂ ಒಂದೇ ಹೊಲದ್ದು, ಮನೆಯಲ್ಲಿ ಎತ್ತಿಟ್ಟ ಬೀಜದ್ದು. "ಹೋದ ವರ್ಷ ಅಪ್ಪಟ ಬ್ಯಾಡಗಿ ಇತ್ರಿ. ಈ ಸಲ ಕೆಲವು ಗಿಡದ್ದು ತಿಂದ್ರ ಬಾಯಿ ಸುಡ್ತದ. ಬೀಜ ಕೆಡ್ತೇನ್ರಿ ಸರ?"

ಬ್ಯಾಡಗಿಯ ಪರಿಚಯ ಬೇಡ ಅಲ್ವಾ? ಖಾರ ಕಡಿಮೆ, ಬಣ್ಣ ಜಾಸ್ತಿ, 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರ ಕಡೆಯದ್ದೇ ಬೆಳೆ ಅನ್ನುವ ಮಾನ್ಯತೆ. ಮುಂದೆ ಹೋಗೋಣ.

ಬೀಜ ಕೆಟ್ಟಿಲ್ಲ. ಬಹುಶಃ ಹೋದ ವರ್ಷ ಜೇನ್ನೊಣ ಬಂದು ಹೋಗಿದೆ. ಮೆಣಸಿನ ಹೂವಿಗೆ ತನ್ನ ಪರಾಗವೇ ಸಾಕು. ಆದರೆ ಪಕ್ಕದ ಹೊಲದ ಖಾರದ ತಳಿಯ ಪರಾಗ ಬಂದರೆ ಬೇಡ ಅನ್ನುವುದಿಲ್ಲ.

ಮಜಾ ಇರುವುದು ಇಲ್ಲೇ. ಆ ವರ್ಷದ ಕಾಯಿ ನೋಡಿದರೆ ಏನೂ ಗೊತ್ತಾಗುವುದಿಲ್ಲ! ಸಿಪ್ಪೆ, ಸುಕ್ಕು, ಖಾರ ತಯಾರಾಗುವ ಒಳಗಿನ ಬಿಳಿ ಭಾಗ, ಎಲ್ಲ ತಾಯಿ ಗಿಡದ್ದೇ. ಬೀಜದೊಳಗಿನ ಮೊಳಕೆ ಮಾತ್ರ ತಾಯಿ-ತಂದೆ ಇಬ್ಬರದು. ಧಾರವಾಡ ಪೇಡೆಯ ಡಬ್ಬಿ ತಂದಿದ್ದೀರಿ ಅಂದುಕೊಳ್ಳಿ. ಮೇಲೆ ಹೆಸರು ಸರಿ ಇದೆ, ದಾರ ಸರಿ ಇದೆ. ಬಿಚ್ಚಿದರೆ ಒಳಗೆ ಮೈಸೂರು ಪಾಕ್. ಈ ಡಬ್ಬಿ ಬಿಚ್ಚುವುದು ಮಾತ್ರ ಮುಂದಿನ ವರ್ಷ, ಬಿತ್ತಿ ಬೆಳೆದ ಮೇಲೆ. (ಬ್ಯಾಡಗಿಯ ಒಂದು ಬಗೆಯ ಹೆಸರೇ 'ಡಬ್ಬಿ'. ನಾನು ಬೇಕಂತಲೇ ಹೇಳಿದ್ದಲ್ಲ. ಸರಿ, ಬೇಕಂತಲೇ ಹೇಳಿದೆ.)

ಹಾಗಾಗಿ ರಾಶಿಯಿಂದ ಚೆಂದದ ಕಾಯಿ ಆರಿಸಿ ಬೀಜಕ್ಕೆ ಇಟ್ಟರೆ ಸಾಲದು. ಹೊಲದಲ್ಲೇ, ರೋಗವಿಲ್ಲದ ಗಿಡ ನೋಡಿ ಗುರುತಿಗೆ ಬಟ್ಟೆ ಚೂರು ಕಟ್ಟಿ. ಹೂ ಬಿಡುವ ಮೊದಲು ಮೇಲೆ ಸೊಳ್ಳೆ ಪರದೆ ಹೊದಿಸಿ. ಒಳಗೆ ಅದರಷ್ಟಕ್ಕೆ ಅದು ಕಾಯಿ ಕಟ್ಟುತ್ತದೆ.

ಎಡಿಟರ್ ಗಡಿಯಾರ ತೋರಿಸುತ್ತಿದ್ದಾರೆ, ಉಳಿದಿದ್ದು ಬೇಗ ಬೇಗ. ನವಣೆ, ಸಾವೆಗೆ ಇಷ್ಟು ರಗಳೆ ಇಲ್ಲ, ಬಹುಮಟ್ಟಿಗೆ ತಮ್ಮ ಪರಾಗವೇ. ಮುಂಗಾರು ತಡವಾಗಿ ಹೆಸರುಕಾಳು ಬಿತ್ತುವ ಹದ ತಪ್ಪಿದರೂ ಸುಮಾರು ಮೂರು ತಿಂಗಳಲ್ಲಿ ಬರುವ ನವಣೆಯ ಬೀಜ ಮನೆಯಲ್ಲಿದ್ದರೆ ಊಟಕ್ಕೆ ದಾರಿ ಇರುತ್ತದೆ. ಇದೇ ಕೆಲಸ ಮಾಡುತ್ತಿರುವವರು ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸಂಘದವರು. ಸಿರಿಧಾನ್ಯದ ಬೀಜ ಬ್ಯಾಂಕ್ ನಡೆಸುತ್ತಾರೆ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ಈಕ್ವೇಟರ್ ಪ್ರಶಸ್ತಿ ಬಂತು. ಬೀಜ ಕೊಟ್ಟು-ತಗೊಳ್ಳೋದು ಕಾನೂನಿಗೆ ವಿರುದ್ಧವಾ ಅಂತ ಕೇಳಿದ್ದೀರಿ. ಅಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಲ್ಲಿ ರೈತರಿಗೆ ಆ ಹಕ್ಕಿದೆ, ಮಾರುವುದಕ್ಕೂ. ನೋಂದಾಯಿತ ತಳಿಯನ್ನು ಬ್ರ್ಯಾಂಡ್ ಹಚ್ಚಿ ಮಾರುವ ಹಾಗಿಲ್ಲ, ಅಷ್ಟೇ.

ಫೋಟೋ ಕಳಿಸಿದ ಅಣ್ಣಾರೇ, ಈ ಸಲ ಪರದೆ ಕಟ್ಟಿ ನೋಡಿ, ಹೇಗೆ ಬಂತು ಹೇಳಿ. ಮನೆಯಲ್ಲಿ "ಮಂಚದ ಪರದೆ ಎಲ್ಲಿ?" ಅಂತ ಕೇಳಿದರೆ ಮಾತ್ರ ನಮ್ಮ ಚಾನೆಲ್ ಹೆಸರು ತೆಗೆಯಬೇಡಿ.