ತೂಬು ಮುಚ್ಚದ ಜೀವಕೋಶ

ಕೇಳುಗರಿಗೆ ನಮಸ್ಕಾರ. ಡೇರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತು ರೇಡಿಯೋ ಕೇಳುತ್ತಿರುವ ಮಂಡ್ಯ ಸೀಮೆಯ ರೈತರನ್ನು ನೆನೆದುಕೊಂಡೇ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೂಬು. ವಿ.ಸಿ. ನಾಲೆಯ ತೂಬು. ಅದನ್ನಿಟ್ಟುಕೊಂಡೇ ಕ್ಯಾನ್ಸರ್ ಅಂದರೇನು ಅಂತ ಹೇಳುತ್ತೇನೆ.

ನಾಲೆ ತುಂಬ ನೀರಿದ್ದರೂ ಗದ್ದೆಗೆ ತಾನಾಗಿ ಬರುವುದಿಲ್ಲ. ನೀರಗಂಟಿ ಬಂದು ತೂಬು ತೆಗೆಯಬೇಕು, ಸಾಕಾದಾಗ ಮುಚ್ಚಬೇಕು. ನಮ್ಮ ಮೈಯ ಜೀವಕೋಶವೂ ಅಷ್ಟೇ. ತಾನಾಗಿ ಬೆಳೆಯುವುದಿಲ್ಲ, ಹೇಳಿದರೆ ಬೆಳೆಯುತ್ತದೆ. ಹಾಗೆ ಹೇಳಲು ಬರುವ ಪ್ರೋಟೀನೇ ಗ್ರೋತ್ ಫ್ಯಾಕ್ಟರ್, ಅಂದರೆ ಬೆಳವಣಿಗೆ ಅಂಶ. ಅದು ನೀರಗಂಟಿ. ಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಗ್ರಾಹಿ ಇದೆಯಲ್ಲ, ಅದು ತೂಬು.

ಕಬ್ಬು ಕಡಿಯುವಾಗ ಮಚ್ಚು ಬೆರಳಿಗೆ ತಾಗಿತು ಅನ್ನಿ. ಡೆಂಗಿ ಬಂದಾಗ ಎಣಿಸುತ್ತೀರಲ್ಲ, ಆ ಪ್ಲೇಟ್‌ಲೆಟ್‌ಗಳು ಗಾಯದ ಬಳಿ ಬೆಳವಣಿಗೆ ಅಂಶ ಸುರಿಸುತ್ತವೆ. ಸುತ್ತಲ ಕೋಶಗಳ ತೂಬು ತೆರೆಯುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಗಾಯ ಕೂಡುತ್ತದೆ. ಆಮೇಲೆ ತೂಬು ಮುಚ್ಚುತ್ತದೆ. ಅದಕ್ಕೇ ಬೆರಳು ಸೋರೆಕಾಯಿ ಆಗುವುದಿಲ್ಲ.

ಈ ಬೆಳವಣಿಗೆ ಅಂಶವನ್ನು ಕಂಡುಹಿಡಿದ ಕಥೆ ಹೇಳದೆ ನಾನು ಮುಂದೆ ಹೋಗಲಾರೆ. ಮಾನಸಗಂಗೋತ್ರಿಯಲ್ಲಿ ಪಾಠ ಮಾಡುವಾಗಲೂ ಇಲ್ಲಿಗೆ ಬರುವಷ್ಟರಲ್ಲಿ ಬೆಲ್ ಹೊಡೆದುಬಿಡುತ್ತಿತ್ತು. ಇಟಲಿಯಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅಂತ ಒಬ್ಬ ವಿಜ್ಞಾನಿ ಹೆಣ್ಣುಮಗಳು. ಯೆಹೂದಿ ಎಂಬ ಕಾರಣಕ್ಕೆ 1938ರ ಕಾನೂನು ಆಕೆಯ ಕೆಲಸ ಕಿತ್ತುಕೊಂಡಿತು. ಸುಮ್ಮನೆ ಕೂರಲಿಲ್ಲ ಆಯಮ್ಮ. ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು, ಹೊಲಿಗೆ ಸೂಜಿ ಮಸೆದು ಶಸ್ತ್ರ ಮಾಡಿಕೊಂಡರು. ಬಾಂಬು ಬೀಳತೊಡಗಿದಾಗ ಹಳ್ಳಿಗೆ ಹೋಗಿ, ಮನೆಯಲ್ಲಿ ಮಕ್ಕಳಿಗೆ ಬೇಕು ಅಂತ ಸುಳ್ಳು ಹೇಳಿ, ಪ್ರಯೋಗಕ್ಕೆ ರೈತರ ಮನೆಗಳಲ್ಲಿ ಕಾವಿಗಿಡುವ ಮೊಟ್ಟೆ ಕೊಳ್ಳುತ್ತಿದ್ದರಂತೆ! ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋದರು. ಅಲ್ಲಿ ಇಲಿಯ ಕ್ಯಾನ್ಸರ್ ಗಡ್ಡೆಯ ತುಂಡನ್ನು ಮೊಟ್ಟೆಯೊಳಗಿನ ಮರಿಗೆ ಅಂಟಿಸಿ ನೋಡಿದರೆ, ನರಗಳು ನೀರು ಕಂಡ ಗರಿಕೆಯ ಹಾಗೆ ಹಬ್ಬಿಬಿಟ್ಟಿದ್ದವು. ಗಡ್ಡೆಯಿಂದ ಏನೋ ಒಸರುತ್ತಿದೆ! ಅದೇನು ಅಂತ ಹುಡುಕಲು ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಜೊತೆಗೂಡಿದರು. ಆತ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಎಳೆ ಇಲಿಮರಿಗಳಿಗೆ ಚುಚ್ಚಿದರೆ, ಎರಡು ವಾರಕ್ಕೆ ಬಿಡಬೇಕಾದ ಕಣ್ಣನ್ನು ಅವು ಒಂದೇ ವಾರಕ್ಕೆ ಬಿಟ್ಟವು. ಹೇಳಿದ್ದಕ್ಕೆ ಬೆಳೆದವು, ನೋಡಿ. 1986ರಲ್ಲಿ ಇಬ್ಬರಿಗೂ ನೊಬೆಲ್.

ಕಥೆಯಲ್ಲೇ ಹೊತ್ತು ಹೋಯಿತು. ಕ್ಯಾನ್ಸರ್ ಅಂದರೇನು? ಮುಚ್ಚದ ತೂಬು. 1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶದಲ್ಲಿ ತೂಬಿನ ಹಲಗೆಯ ಹಾಗೆ ಕೆಲಸ ಮಾಡುವ ರಾಸ್ ಎಂಬ ಜೀನನ್ನು ಬಿಡಿಸಿ ಓದಿದರೆ ಒಂದೇ ಒಂದು ಅಕ್ಷರ ತಪ್ಪಿತ್ತು. ಅಷ್ಟಕ್ಕೇ ಹಲಗೆ ಸಿಕ್ಕಿಕೊಂಡಿತ್ತು. ನೀರಗಂಟಿ ಮನೆಗೆ ಹೋದರೂ ನೀರು ಹರಿಯುತ್ತಲೇ ಇದೆ. ಸ್ತನ ಕ್ಯಾನ್ಸರ್ ಆದ ನೂರು ಜನರಲ್ಲಿ 15ರಿಂದ 20 ಜನರಿಗೆ ಹರ್-ಟು ಎಂಬ ತೂಬೇ ಲೆಕ್ಕಕ್ಕಿಂತ ಹೆಚ್ಚಾಗಿರುತ್ತದೆ. ಅದಕ್ಕೆ ಅಡ್ಡ ಕೂರುವ ಔಷಧಿ ಟ್ರಾಸ್ಟುಜುಮಾಬ್ 1998ರಿಂದ ಇದೆ.

ಹೋದಲ್ಲೆಲ್ಲ ಕೇಳುತ್ತಾರೆ, ಯಾವ ಸೊಪ್ಪು ತಿಂದರೆ ವಾಸಿಯಾಗುತ್ತದೆ ಸಾರ್ ಅಂತ. ಸಿಕ್ಕಿಕೊಂಡ ತೂಬಿಗೆ ಸೊಪ್ಪು ತುರುಕಿ ಮುಚ್ಚಿದವರನ್ನು ನಾನಂತೂ ಕಂಡಿಲ್ಲ, ಸ್ವಾಮಿ. ಗಂಟು ಕಂಡರೆ ಆಸ್ಪತ್ರೆಗೆ ಹೋಗಿ. ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ, ಹರ್-ಟು ಪರೀಕ್ಷೆ ಮಾಡಿದ್ದೀರಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಅಂದ ಹಾಗೆ, ರೀಟಾ 103 ವರ್ಷ ಬದುಕಿದ್ದರು. ನಮಸ್ಕಾರ.