ಎಲ್ಲವೂ ಕುಣಿದರೆ ಯಾವುದನ್ನು ನೋಡೋದು?

ನಮಸ್ಕಾರ. ಇವತ್ತು ನನ್ನದೊಂದು ತಕರಾರಿದೆ. ಅದು ಪೋಸ್ಟರ್ ಮಾಡುವ ಆ್ಯಪ್ ಕ್ಯಾನ್ವಾದಲ್ಲಿರುವ, ಚಿತ್ರ-ಅಕ್ಷರಗಳನ್ನು ಕುಣಿಸುವ ‘ಅನಿಮೇಟ್’ ಬಟನ್ ಮೇಲೆ.

ಹಬ್ಬದ ಆಫರ್‌ಗೆ ಒಂದು ಪೋಸ್ಟರ್ ಮಾಡ್ತೀರಿ. ಚೆನ್ನಾಗೇ ಬಂದಿರುತ್ತದೆ. ಆಮೇಲೆ ಆ ಬಟನ್ ಒತ್ತುತ್ತೀರಿ. ಅಂಗಡಿ ಹೆಸರು ಎಡಗಡೆಯಿಂದ ಜಾರಿ ಬರುತ್ತದೆ. ಸೀರೆ ಫೋಟೊ ಕೆಳಗಿಂದ ಚಿಮ್ಮುತ್ತದೆ. ಡಿಸ್ಕೌಂಟ್ ಗಿರ್ರನೆ ತಿರುಗುತ್ತದೆ. ಫೋನ್ ನಂಬರ್ ಮಿಣಮಿಣ ಅನ್ನುತ್ತದೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿದವರಿಗೆ ಏನು ನೆನಪುಳಿಯಿತು? ಏನೋ ಓಡಾಡಿತು, ಅಷ್ಟೇ.

ನಾನು ಹೇಳೋದು ಇಷ್ಟು: ಒಂದು ಸಲಕ್ಕೆ ಒಂದೇ ವಸ್ತು ಅಲುಗಾಡಲಿ. ಮಿಕ್ಕಿದ್ದೆಲ್ಲ ಸುಮ್ನೆ ನಿಂತಿರಲಿ. ಅಲುಗಾಡಿದ ಕಡೆ ಕಣ್ಣು ತಾನಾಗೇ ಹೋಗುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಾಲ್ಕು ಕಡೆಯಿಂದ ಕರೆದರೆ ಎಲ್ಲಿಗೂ ಹೋಗುವುದಿಲ್ಲ.

ವೊಡಾಫೋನ್ ಮೊಬೈಲ್ ಕಂಪನಿಯ ಟಿವಿ ಜಾಹೀರಾತಿನ ಝೂಝೂಗಳು ನೆನಪಿವೆ ಅಲ್ವಾ? 2009ರ ಐಪಿಎಲ್. ಲೋಕಸಭೆ ಚುನಾವಣೆ ಇದ್ದ ಕಾರಣ ಟೂರ್ನಿ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಓವರ್ ಮುಗಿದರೆ ಸಾಕು, ಮೊಟ್ಟೆ ತಲೆಯ, ಕಡ್ಡಿ ಕಾಲಿನ ಆ ಬಿಳಿ ಗೊಂಬೆಗಳು ಬರುತ್ತಿದ್ದವು. ಎಷ್ಟೋ ಜನ ಅದನ್ನು ಅನಿಮೇಷನ್ ಅಂತಲೇ ನಂಬಿದ್ದರು. ಅಲ್ಲ! ಒಳಗಿದ್ದದ್ದು ಮನುಷ್ಯರು. ಐಡಿಯಾ ಒಗಿಲ್ವಿ ಜಾಹೀರಾತು ಸಂಸ್ಥೆಯದು. ಚಿತ್ರೀಕರಿಸಿದ್ದು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್, ನಿರ್ದೇಶಕ ಪ್ರಕಾಶ್ ವರ್ಮ, ಜಾಗ ಕೇಪ್‌ಟೌನ್.

ಮನುಷ್ಯರನ್ನು ಕಾರ್ಟೂನ್ ಥರ ಕಾಣಿಸೋಕೆ ಅವರು ಏನು ಮಾಡಿದರು ನೋಡಿ. ಕೂತರೂ ಎದ್ದರೂ ಬಟ್ಟೆಯಲ್ಲಿ ಸುಕ್ಕು ಕಾಣಬಾರದು, ಅದಕ್ಕೆ ತಕ್ಕ ಉಡುಪು ಹೊಲಿಸಿದರು. ಮುಖದ ಭಾವವೂ ಅಂಟಿಸಿದ್ದೇ, ಕಣ್ಣು ಬಾಯಿ ಎಲ್ಲ. ಹಿನ್ನೆಲೆ ಬರೀ ಬೂದು ಬಣ್ಣ. ಮಾಮೂಲಿಗಿಂತ ಕಡಿಮೆ, ಸೆಕೆಂಡಿಗೆ 20 ಫ್ರೇಮ್‌ನಂತೆ (ಅಂದರೆ 20 ಚಿತ್ರ) ಶೂಟ್ ಮಾಡಿ, ಮಾಮೂಲಿ ವೇಗದಲ್ಲಿ ತೋರಿಸಿದರು. ಹಾಗಾಗಿ ನಡಿಗೆಗೆ ಆ ಚುರುಕು, ಆ ಗೊಂಬೆಯಾಟದ ಕುಲುಕು ಬಂತು. ಒಂದು ಜಾಹೀರಾತಿಗೆ ಒಂದೇ ಸರ್ವಿಸ್, ಒಂದೇ ತಮಾಷೆ. ದೊಡ್ಡ ಕಂಪನಿ, ದುಡ್ಡಿಗೇನು ಕೊರತೆ? ಆದರೂ ಇರೋದನ್ನೆಲ್ಲ ಒಂದೊಂದಾಗಿ ತೆಗೆದು ಹಾಕುತ್ತಾ ಹೋದರು. ನಾವು? ಉಚಿತವಾಗಿ ಸಿಕ್ಕ ಎಫೆಕ್ಟ್ ಒಂದನ್ನೂ ಬಿಡುವುದಿಲ್ಲ.

“ಸಾರ್, ಕಸ್ಟಮರ್‌ಗೆ ಗ್ರ್ಯಾಂಡ್ ಆಗಿರಬೇಕು” ಅಂತ ಡಿಸೈನರ್‌ಗಳು ಗೊಣಗೋದು ನನಗೂ ಗೊತ್ತು. ಒಪ್ಪಿದೆ. ಅದೇ ಸೀರೆ ಪೋಸ್ಟರ್ ತಗೊಳ್ಳಿ. ಹೆಸರು, ಬೆಲೆ, ನಂಬರ್ ಎಲ್ಲ ಮೊದಲೇ ಜಾಗದಲ್ಲಿ ಕೂತಿರಲಿ. ಸೆರಗು ಮಾತ್ರ ನಿಧಾನವಾಗಿ ಬಿಚ್ಚಿಕೊಳ್ಳಲಿ. ಜರಿ ಅಂಚು ಪೂರ್ತಿ ಕಂಡ ಮೇಲೆ ನಿಂತುಬಿಡಲಿ. ಗ್ರ್ಯಾಂಡ್ ಅಂದರೆ ಅದೇ. ಕ್ಯಾನ್ವಾದಲ್ಲೂ ಇಡೀ ಪುಟದ ಬದಲು ಒಂದೇ ಎಲಿಮೆಂಟ್ ಆರಿಸಿಕೊಂಡು ಅನಿಮೇಟ್ ಮಾಡಬಹುದು. ಯಾರೂ ಆ ಕಡೆ ಹೋಗಲ್ಲ, ಅಷ್ಟೇ.

ಚಲನೆಗೂ ಒಂದು ಹದ ಇದೆ. ಬಸ್ಸು ಸ್ಟಾಪಿಗೆ ಬರುವಾಗ ವೇಗ ತಗ್ಗಿಸಿಕೊಂಡು ನಿಲ್ಲುತ್ತದೆ, ಗೋಡೆಗೆ ಗುದ್ದಿ ನಿಲ್ಲುವುದಿಲ್ಲ. ವೆಬ್ ಡಿಸೈನರ್‌ಗಳು ಇದಕ್ಕೆ ಈಸ್ ಔಟ್ ಅಂತಾರೆ. ಸೆರಗು ಒಂದೇ ವೇಗದಲ್ಲಿ ಬಂದು ತಟ್ಟನೆ ನಿಂತರೆ ಅದು ಬಟ್ಟೆ ಅನ್ನಿಸುವುದಿಲ್ಲ, ರಟ್ಟು ಅನ್ನಿಸುತ್ತದೆ.

ಮಿಣುಕಿಸುವುದಂತೂ ಬೇಡವೇ ಬೇಡ. 2012ರ ಲಂಡನ್ ಒಲಿಂಪಿಕ್ಸ್ ಲೋಗೊ 2007ರಲ್ಲಿ ಬಿಡುಗಡೆಯಾದಾಗ, ಅದರ ಜೊತೆಗಿದ್ದ, ಮಿನುಗುವ ತುಣುಕಿದ್ದ ಪ್ರಚಾರದ ವಿಡಿಯೊ ನೋಡಿ ಕೆಲವರಿಗೆ ಅಪಸ್ಮಾರ ಬಂತು ಅಂತ ದೂರು ಬಂದವು. ಆ ತುಣುಕನ್ನು ವೆಬ್‌ಸೈಟಿನಿಂದ ತೆಗೆಯಬೇಕಾಯಿತು. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಏನನ್ನೂ ಮಿನುಗಿಸಬೇಡಿ ಅಂತ ವೆಬ್ ವಿನ್ಯಾಸದ ನಿಯಮಗಳೇ ಹೇಳುತ್ತವೆ.

ಇನ್ನು ಕೊನೆಯ ಫ್ರೇಮ್. ಅದನ್ನು ಎರಡು ಮೂರು ಸೆಕೆಂಡಾದರೂ ಅಲುಗಾಡಿಸದೆ ಹಾಗೇ ಬಿಡಿ. ನಿಮ್ಮ ನಂಬರ್ ಬೇಕಾದವರು ಅದನ್ನು ಬರೆದುಕೊಳ್ಳುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಅತ್ತಿಗೆಗೋ ಕಳಿಸುತ್ತಾರೆ. ಆ ಹೊತ್ತಿಗೆ ಸರಿಯಾಗಿ ನಂಬರ್ ಹಾರಿ ಹೋದರೆ ಆ ಫೋನ್ ಕಾಲ್ ಬರೋದು ಪಕ್ಕದ ಅಂಗಡಿಗೆ.